ಹೊಸದಾಗಿ ಓಡುವವರನ್ನು ಕೆಡಿಸುವುದು ನಾಚಿಕೆಯ ವೇಗ

ಮಾನ್ಯ ಸಂಪಾದಕರೇ,

ಜನವರಿ ಬಂತೆಂದರೆ ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ, ಬಡಾವಣೆಗಳ ಕೆರೆ ಏರಿಗಳ ಮೇಲೆ ಹೊಸ ಶೂಗಳು ಕಾಣಿಸಿಕೊಳ್ಳುತ್ತವೆ. ಶಿವರಾತ್ರಿ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಮನೆಯ ಚಪ್ಪಲಿ ಸ್ಟ್ಯಾಂಡ್ ಸೇರಿರುತ್ತವೆ. ಬಿಟ್ಟವರನ್ನು ಕೇಳಿದರೆ ‘ನನ್ನ ಮೈಗೆ ಓಟ ಆಗಿಬರಲ್ಲ’, ‘ಮಂಡಿ ನೋವು ಬಂತು’, ‘ಉಸಿರೇ ಸಾಲಲ್ಲ’ ಅನ್ನುತ್ತಾರೆ. ಹೊಸಬರಿಗೆ ಓಟ ಹೇಳಿಕೊಡುವ ನಮ್ಮಂಥವರಿಗೆ ಈ ಮೂರೂ ಉತ್ತರಗಳ ಹಿಂದೆ ಬಹುತೇಕ ಒಂದೇ ಕಾರಣ ಕಾಣುತ್ತದೆ: ಮೈಗೆ ಒಗ್ಗದ ವೇಗದಲ್ಲಿ ಓಡಿದ್ದು. ಹಾಗೆ ಓಡಿದ್ದು ಉತ್ಸಾಹಕ್ಕಿಂತ ಹೆಚ್ಚಾಗಿ ನಾಚಿಕೆಗೆ. ಹೊಟ್ಟೆ ಬಂದವರು, ನಲವತ್ತು ದಾಟಿದವರು, ಶಾಲೆಯ ಪಿ.ಟಿ. ಪೀರಿಯಡ್ ಬಿಟ್ಟರೆ ಮತ್ತೆ ಓಡಿಯೇ ಇಲ್ಲದವರು, ಬೆಂಚಿನ ಮೇಲೆ ನಾಲ್ಕು ಜನ ಕೂತಿರುವುದು ಕಂಡ ತಕ್ಷಣ ಹೆಜ್ಜೆ ಬಿರುಸು ಮಾಡುತ್ತಾರೆ. ನಡೆಯಬೇಕಾದ ಕಡೆ ‘ನೋಡಿದವರು ಏನಂದುಕೊಂಡಾರು’ ಎಂದು ಓಡುತ್ತಲೇ ಇರುತ್ತಾರೆ. ಫಿಟ್‌ನೆಸ್ ಲೇಖನಗಳಲ್ಲಿ ಶೂ, ಆಹಾರ, ಆ್ಯಪ್ ಎಲ್ಲವೂ ಬರುತ್ತವೆ, ಇದೊಂದು ಬಿಟ್ಟುಹೋಗುತ್ತದೆ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಜಾಗ ಮಾಡಿಕೊಡಬೇಕಾಗಿ ಕೋರಿಕೆ.

ಮೊದಲು ವೇಗದ ಲೆಕ್ಕ. ಚುರುಕಾದ ನಡಿಗೆ ಅಂದರೆ ಗಂಟೆಗೆ 6 ಕಿ.ಮೀ., ಕಿಲೋಮೀಟರಿಗೆ 10 ನಿಮಿಷ. ಕಾಲು ತಾನಾಗಿಯೇ ನಡಿಗೆ ಬಿಟ್ಟು ಓಟಕ್ಕೆ ಹೊರಳುವುದು ಗಂಟೆಗೆ 7 ಕಿ.ಮೀ. ಆಸುಪಾಸಿನಲ್ಲಿ. ಹೊಸಬರ ಓಟ ಅಲ್ಲೇ ಇರಬೇಕು, ಕಿಲೋಮೀಟರಿಗೆ 8ರಿಂದ 9 ನಿಮಿಷ. ಪಕ್ಕದಲ್ಲಿ ಬಿರುಸಾಗಿ ವಾಕ್ ಮಾಡುವ ಹಿರಿಯರು ಹೆಚ್ಚೂಕಡಿಮೆ ನಿಮ್ಮ ಜೊತೆಗೇ ಇರುತ್ತಾರೆ, ಕೆಲವೊಮ್ಮೆ ಮುಂದೆಯೂ ಹೋಗುತ್ತಾರೆ. ಇದನ್ನು ಸಹಿಸಿಕೊಳ್ಳಲು ಆಗದವರೇ ಮೊದಲ ದಿನ 5–6 ನಿಮಿಷದ ವೇಗದಲ್ಲಿ ಹೊರಟು, 200 ಮೀಟರ್ ದಾಟುವಷ್ಟರಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅದಕ್ಕೇ ಉಸಿರು ಸಾಲುವುದಿಲ್ಲ ಎಂಬ ಸಮಜಾಯಿಷಿಯೂ ಕೇಳಿಬರುತ್ತದೆ. ಈ ಎತ್ತರ ಹೊಸಬರ ಓಟದಲ್ಲಿ ಗಣನೆಗೆ ಬರುವಂಥದ್ದಲ್ಲ. ಸ್ನಾಯುಗಳು ಕೇಳುವಷ್ಟು ಆಮ್ಲಜನಕವನ್ನು ತಲುಪಿಸುವ ಅಭ್ಯಾಸ ಹೃದಯಕ್ಕೂ ರಕ್ತನಾಳಗಳಿಗೂ ಇನ್ನೂ ಆಗಿಲ್ಲ, ಅಷ್ಟೇ.

ಸರಿಯಾದ ವೇಗ ತಿಳಿಯಲು ವಾಚು ಬೇಡ. ಓಡುತ್ತಾ ‘ಪಾರ್ಕಲ್ಲಿದೀನಿ, ಬರ್ತಾ ಅರ್ಧ ಲೀಟರ್ ಹಾಲು ತರ್ತೀನಿ’ ಎಂದು ಒಂದೇ ಉಸಿರಿಗೆ ಹೇಳಲು ಬರಬೇಕು. ಮಾತು ಮೂರು ತುಂಡಾದರೆ ವೇಗ ಹೆಚ್ಚಾಗಿದೆ ಎಂದರ್ಥ. ಕೈಗಡಿಯಾರ ತೋರಿಸುವ ಹೃದಯ ಬಡಿತದ ಅಂಕಿಯನ್ನು ನಂಬಿ ಹೆದರುವವರಿಗೂ ಒಂದು ಮಾತು. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಬರೀ ಅಂದಾಜು, ಒಬ್ಬೊಬ್ಬರಿಗೆ ಹತ್ತು-ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಅಷ್ಟಾಗಿ ಏರುವುದಿಲ್ಲ, ಅವರಿಗಂತೂ ಆ ಅಂಕಿ ದಾರಿ ತಪ್ಪಿಸುತ್ತದೆ. ಮಾತಿನ ಪರೀಕ್ಷೆ ಎಲ್ಲರಿಗೂ ಆಗುತ್ತದೆ.

ನಿಧಾನವಾಗಿ ಓಡುವುದೂ ಕಲಿಯಬೇಕಾದ ವಿದ್ಯೆ. ನಿಧಾನ ಎಂದೊಡನೆ ಜನ ದೊಡ್ಡ ಹೆಜ್ಜೆಗಳನ್ನು ಆರಾಮಾಗಿ ಹಾಕಲು ಹೋಗುತ್ತಾರೆ. ಆಗ ಕಾಲು ದೇಹಕ್ಕಿಂತ ಮುಂದೆ, ಮಂಡಿ ನೆಟ್ಟಗಿರುವಾಗ, ಹಿಮ್ಮಡಿ ಊರಿ ನೆಲಕ್ಕೆ ಬಡಿಯುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ದೊಡ್ಡ ಹೆಜ್ಜೆಯಲ್ಲಿ ಅದರ ಪೆಟ್ಟು ನೇರ ಮಂಡಿಗೆ. ಹಾಗಾಗಿ ಹೆಜ್ಜೆ ಚಿಕ್ಕದಿರಲಿ, ಬೇಗಬೇಗ ಬೀಳಲಿ, ಪಾದ ಸೊಂಟದ ಕೆಳಗೇ ಊರಲಿ. ಶೂ ನೆಲಕ್ಕೆ ‘ಟಪ್ ಟಪ್’ ಎಂದು ಬಡಿಯುವ ಸದ್ದು ಕೇಳಿದರೆ ಹೆಜ್ಜೆ ಉದ್ದವಾಗಿದೆ ಎಂದು ತಿಳಿಯಿರಿ. ಭುಜ ಕಿವಿಯತ್ತ ಏರದಿರಲಿ, ಮುಷ್ಟಿ ಬಿಗಿಯಬೇಡಿ. ಉಸಿರನ್ನು ಮೂಗಿನಿಂದಲೇ ಎಳೆಯಬೇಕೆಂಬ ಹಟ ಬೇಡ, ಬಾಯಿಯಿಂದಲೂ ಆಗಬಹುದು.

ವೇಗಕ್ಕೆ ಇಷ್ಟು ಕಡಿವಾಣ ಯಾಕೆಂದರೆ ದೇಹದ ಎಲ್ಲ ಭಾಗವೂ ಒಂದೇ ಸಮ ಪಳಗುವುದಿಲ್ಲ. ಮೂರ್ನಾಲ್ಕು ವಾರದಲ್ಲಿ ಉಸಿರು ಹದಕ್ಕೆ ಬರುತ್ತದೆ, ಏದುಸಿರು ಕಡಿಮೆಯಾಗುತ್ತದೆ. ಮೂಳೆ, ಸ್ನಾಯುರಜ್ಜುಗಳು ಹೊಸ ಭಾರಕ್ಕೆ ತಕ್ಕಂತೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಳೇ ಲಾರಿಗೆ ಹೊಸ ಇಂಜಿನ್ ಕೂರಿಸಿದ ಹಾಗೆ. ನಾಲ್ಕನೇ ವಾರದಲ್ಲಿ ‘ಈಗ ಆರಾಮಾಗಿದೆ’ ಎಂದು ವೇಗವನ್ನೋ ದೂರವನ್ನೋ ಒಮ್ಮೆಗೇ ಹೆಚ್ಚಿಸಿದವರಿಗೆ ಐದಾರನೇ ವಾರದಲ್ಲಿ ಕಾಲು ನೋವು ಬರುವುದು ಇದರಿಂದಲೇ.

ಇನ್ನು ಕ್ರಮ. ಅರ್ಧ ಗಂಟೆ ಚುರುಕಾಗಿ ನಡೆದರೆ ಸುಸ್ತಾಗುವವರು ಓಟವನ್ನು ಮೂರು-ನಾಲ್ಕು ವಾರ ಮರೆತು ನಡಿಗೆಯನ್ನೇ ಮಾಡಬೇಕು. ಅದು ಸಲೀಸಾದ ಮೇಲೆ ವಾರಕ್ಕೆ ಮೂರು ದಿನ ಓಟ, ಮಧ್ಯೆ ಒಂದೊಂದು ದಿನವಾದರೂ ಬಿಡುವು. ಮಂಗಳವಾರ, ಗುರುವಾರ, ಭಾನುವಾರ ಎಂದಿಟ್ಟುಕೊಳ್ಳಿ. ಜಗತ್ತಿನೆಲ್ಲೆಡೆ ಹೊಸಬರು ಅನುಸರಿಸುವ ‘ಕೌಚ್ ಟು ಫೈವ್‌ಕೆ’ (ಸೋಫಾದಿಂದ 5 ಕಿ.ಮೀ. ಓಟಕ್ಕೆ) ಎಂಬ ಒಂಬತ್ತು ವಾರದ ಕ್ರಮವನ್ನು 1996ರಲ್ಲಿ ಜಾಶ್ ಕ್ಲಾರ್ಕ್ ಎಂಬವರು ರೂಪಿಸಿದರು. ಅದರ ಮೊದಲ ವಾರ ಹೀಗಿದೆ: 5 ನಿಮಿಷ ನಡಿಗೆ, ನಂತರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. ಅಂದರೆ ಒಟ್ಟು ಓಡುವುದು ಎಂಟೇ ನಿಮಿಷ. ಎರಡನೇ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ. ಮೂರನೇ ವಾರ 3 ನಿಮಿಷದ ಓಟ ಬರುತ್ತದೆ, ನಾಲ್ಕನೇ ವಾರ 5 ನಿಮಿಷದ್ದು. ಕೊನೆಯಲ್ಲಿ ಐದು ನಿಮಿಷ ನಡೆದು ಮೈ ತಣಿಸಿಕೊಳ್ಳುವುದನ್ನು ಸೇರಿಸಿಕೊಳ್ಳಿ. ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ.

ಈ ಕ್ರಮದಲ್ಲಿ ಜನ ಎಡವುವ ಜಾಗಗಳು ಎರಡು. ಐದನೇ ವಾರದ ಎರಡನೇ ದಿನ 8 ನಿಮಿಷ ಓಟ, 5 ನಿಮಿಷ ನಡಿಗೆ, ಮತ್ತೆ 8 ನಿಮಿಷ ಓಟ. ಮೂರನೇ ದಿನ ನೋಡಿದರೆ ನಡಿಗೆಯೇ ಇಲ್ಲದೆ ಸತತ 20 ನಿಮಿಷ! ಹೊಟ್ಟೆ ಇರುವವರಿಗೆ, ಐವತ್ತರ ಆಚೆಯವರಿಗೆ ಈ ಜಿಗಿತ ದೊಡ್ಡದು. ನಮ್ಮ ಸಲಹೆ, 8-5-8ರ ನಂತರ ಒಂದು ವಾರ 10 ನಿಮಿಷ ಓಟ, 3 ನಿಮಿಷ ನಡಿಗೆ, 10 ನಿಮಿಷ ಓಟ ಮಾಡಿ, ಆಮೇಲೆ 12-2-12, ಅದಾದ ಮೇಲೆ 20 ನಿಮಿಷಕ್ಕೆ ಬನ್ನಿ. ಯಾವ ವಾರ ಕಷ್ಟವಾಯಿತೋ ಆ ವಾರವನ್ನು ಮತ್ತೊಮ್ಮೆ ಮಾಡಿ. ಒಂಬತ್ತು ವಾರ ಹದಿನಾಲ್ಕಾದರೆ ಯಾರೂ ಫೇಲ್ ಮಾಡುವುದಿಲ್ಲ.

ಎರಡನೆಯದು ಹೆಸರಿನ ಎಡವಟ್ಟು. ಕ್ರಮ ಮುಗಿಯುವುದು 30 ನಿಮಿಷದ ಸತತ ಓಟಕ್ಕೆ. ಅದು 5 ಕಿ.ಮೀ. ಆಗಬೇಕಾದರೆ ಕಿಲೋಮೀಟರನ್ನು 6 ನಿಮಿಷದಲ್ಲಿ ಓಡಬೇಕು. 8 ನಿಮಿಷದ ವೇಗದವರು 30 ನಿಮಿಷದಲ್ಲಿ ತಲುಪುವುದು 3.75 ಕಿ.ಮೀ. ಮಾತ್ರ. ಅವರಿಗೆ 5 ಕಿ.ಮೀ. ಮುಗಿಯಲು 40 ನಿಮಿಷ ಬೇಕು. ಇದು ಗೊತ್ತಿಲ್ಲದವರು ಒಂಬತ್ತನೇ ವಾರದಲ್ಲಿ ಫೋನ್ ನೋಡಿ ‘ಐದು ಕಿಲೋಮೀಟರ್ ಆಗಲೇ ಇಲ್ಲವಲ್ಲ’ ಎಂದು ಮತ್ತೆ ವೇಗ ಏರಿಸುತ್ತಾರೆ, ಕಾಲು ಕೆಡಿಸಿಕೊಳ್ಳುತ್ತಾರೆ. ಮೊದಲ ನಾಲ್ಕು ತಿಂಗಳು ನಿಮಿಷ ಎಣಿಸಿ, ಕಿಲೋಮೀಟರ್ ಬೇಡ.

ನಡುವೆ ನಡೆಯುವುದಕ್ಕೆ ನಾಚುವವರಿಗೆ ಒಂದು ಉಪಾಯ. ಸುಸ್ತಾದಾಗ ನಡೆದರೆ ಮುಖದ ಮೇಲೆ ಸೋಲು ಕಾಣುತ್ತದೆ, ಮನಸ್ಸಿಗೂ ಹಾಗೇ ಅನ್ನಿಸುತ್ತದೆ. ಎಲ್ಲಿ ನಡೆಯಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಇನ್ನೂ ಓಡುವ ಶಕ್ತಿ ಇರುವಾಗಲೇ ನಡಿಗೆಗೆ ಇಳಿಯಿರಿ. ಮೈದಾನದಲ್ಲಾದರೆ ಇದು ಸುಲಭ. 400 ಮೀಟರ್ ಟ್ರ್ಯಾಕಿನ ನೇರ ಭಾಗದಲ್ಲಿ ಓಡಿ, ತಿರುವಿನಲ್ಲಿ ನಡೆಯಿರಿ. 8 ನಿಮಿಷದ ವೇಗದಲ್ಲಿ 100 ಮೀಟರಿಗೆ 48 ಸೆಕೆಂಡ್, ಚುರುಕಾದ ನಡಿಗೆಗೆ 60 ಸೆಕೆಂಡ್. ಐದೂವರೆ ಸುತ್ತಿಗೆ 20 ನಿಮಿಷ ಆಗಿರುತ್ತದೆ, ಗಡಿಯಾರ ನೋಡುವ ಗೋಜಿಲ್ಲ. ನೋಡುವವರಿಗೂ ಅದು ಕೋಚ್ ಕೊಟ್ಟ ಡ್ರಿಲ್ ಹಾಗೆ ಕಾಣುತ್ತದೆ. ಒಳಗಿನ ಒಂದನೇ ಲೇನು ಟೈಮ್ ಇಟ್ಟು ಓಡುವವರಿಗೆ, ಅದನ್ನು ಬಿಟ್ಟುಕೊಡಿ. ಎಂಟನೇ ಲೇನಿನಲ್ಲಿ ಒಂದು ಸುತ್ತು ಸುಮಾರು 453 ಮೀಟರ್ ಆಗುತ್ತದೆ ಎಂಬುದು ನೆನಪಿರಲಿ.

ಎಲ್ಲಿ ಓಡುವುದು? ನಾಚಿಕೆ ಇರುವವರು ಜನರಿಲ್ಲದ ಜಾಗ, ಜನರಿಲ್ಲದ ಹೊತ್ತು ಹುಡುಕುತ್ತಾರೆ. ನಾಲ್ಕೂವರೆಗೆ ಎದ್ದು ಬಡಾವಣೆಯ ಕತ್ತಲ ರಸ್ತೆಯಲ್ಲಿ ಓಡುವವರಿದ್ದಾರೆ. ನಮ್ಮ ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಕಲ್ಲು ಚಪ್ಪಡಿ. ಒಂದು ಅಲುಗಾಡುತ್ತದೆ, ಇನ್ನೊಂದು ಇರುವುದೇ ಇಲ್ಲ. ಮಳೆಯ ಮರುದಿನ ಪೇವರ್ ಕಲ್ಲಿನ ಮೇಲೆ ಪಾಚಿ. ಕತ್ತಲಲ್ಲಿ ಪಾದ ಹೊರಳಿದರೆ ಆರು ವಾರದ ಮಾತು. ಮರೆಯಾಗಿರಬೇಕೆಂದರೆ ಜನಜಂಗುಳಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಭಾನುವಾರ ಬೆಳಿಗ್ಗೆ ವಾಹನ ಬಿಡದ ಕಬ್ಬನ್ ಪಾರ್ಕಿನಲ್ಲಿ ಸೈಕಲ್ ಕಲಿಯುವ ಮಕ್ಕಳು, ನಾಯಿ ಕರೆತಂದವರು, ಯೋಗ ಮಾಡುವವರು, ಮ್ಯಾರಥಾನ್ ತಯಾರಿಯವರು ಎಲ್ಲ ಸೇರಿರುತ್ತಾರೆ. ಅಲ್ಲಿ ನಿಮ್ಮ ಟೀಶರ್ಟ್ ಒಳಗಿನ ಹೊಟ್ಟೆ ನೋಡಲು ಯಾರಿಗೂ ಪುರುಸೊತ್ತಿಲ್ಲ. ಲಾಲ್‌ಬಾಗಿನ 240 ಎಕರೆಯಲ್ಲಿ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಿರಬಿರನೆ ನಡೆಯುವ ಅಜ್ಜಿಯರ ಜೊತೆ ಓಡಬಹುದು. ಆದರೆ ಕೆಂಪೇಗೌಡರ ಗೋಪುರ ಇರುವ ಬಂಡೆಯನ್ನು ಹತ್ತಿ, ಓಡುತ್ತಾ ಇಳಿಯುವ ಸಾಹಸ ಬೇಡ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದರ ನೋವು ಮರುದಿನ, ಅದರ ಮರುದಿನ ತಿಳಿಯುತ್ತದೆ. ಬಸವನಗುಡಿ, ಮಲ್ಲೇಶ್ವರದ ಏರಿಳಿತದ ರಸ್ತೆಗಳಿಗೂ ಇದೇ ಮಾತು: ಇಳಿಜಾರಿನಲ್ಲಿ ನಡೆಯಿರಿ. ಫುಟ್‌ಪಾತ್ ಇಲ್ಲದ ಕಡೆ ಎದುರು ಬರುವ ವಾಹನ ಕಣ್ಣಿಗೆ ಬೀಳುವಂತೆ ರಸ್ತೆಯ ಬಲಬದಿಯಲ್ಲಿ ಓಡಿ. ವರ್ತುಲ ರಸ್ತೆಯ ಪಕ್ಕದಲ್ಲಿ ಲಾರಿ ಹೊಗೆ ಕುಡಿಯುತ್ತಾ ಓಡುವುದಕ್ಕಿಂತ ಮನೆಯ ಮುಂದಿನ ಚಿಕ್ಕ ರಸ್ತೆಯಲ್ಲಿ ಹತ್ತು ಸಲ ಅತ್ತಿಂದಿತ್ತ ಓಡುವುದು ವಾಸಿ.

ಜಿಮ್ಮಿನ ಟ್ರೆಡ್‌ಮಿಲ್ಲಾದರೆ ಗಂಟೆಗೆ 6.5–7 ಕಿ.ಮೀ.ಯಲ್ಲಿ ಇಡಿ, ತುರ್ತು ನಿಲುಗಡೆಯ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಕಂಬಿ ಹಿಡಿದು ಓಡಿದರೆ ತೂಕವೆಲ್ಲ ಕೈಗೆ ಹೋಗಿ ಕಾಲಿಗೆ ಏನೂ ಕಲಿಸಿದಂತಾಗುವುದಿಲ್ಲ.

ಬಟ್ಟೆಯ ವಿಷಯದಲ್ಲೂ ನಾಚಿಕೆಯದೇ ಕಾರುಬಾರು. ಮೈ ಮುಚ್ಚಿಕೊಳ್ಳಲು ಟೋಪಿ ಇರುವ ದಪ್ಪ ಹೂಡಿ, ಜಾಕೆಟ್ ಹಾಕಿಕೊಳ್ಳುತ್ತಾರೆ. ಓಡುವಾಗ ದೇಹ ಖರ್ಚು ಮಾಡುವ ಶಕ್ತಿಯ ಮುಕ್ಕಾಲು ಪಾಲು ಶಾಖವಾಗುತ್ತದೆ. ಅದು ಹೊರಗೆ ಹೋಗದಿದ್ದರೆ ಹೃದಯ ಇನ್ನಷ್ಟು ಜೋರಾಗಿ ಬಡಿದುಕೊಳ್ಳುತ್ತದೆ, ಎರಡು ನಿಮಿಷಕ್ಕೇ ಸಾಕಪ್ಪಾ ಅನ್ನಿಸುತ್ತದೆ. ಡಿಸೆಂಬರಿನ 15–16 ಡಿಗ್ರಿ ಚಳಿಯಲ್ಲೂ ಹತ್ತು ನಿಮಿಷದ ಓಟದ ನಂತರ ಒಂದು ತೆಳು ಟೀಶರ್ಟ್ ಸಾಕು. ಹೊಟ್ಟೆಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿಕೊಂಡು ಬೆವರಿಳಿಸುವುದರಿಂದ ಕೊಬ್ಬು ಹೋಗುವುದಿಲ್ಲ, ನೀರು ಹೋಗುತ್ತದೆ. ಮೈಗೆ ಅಂಟದ, ಎರಡು ಬೆರಳು ಸಡಿಲವಾದ, ಗಾಢ ಬಣ್ಣದ ಪಾಲಿಯೆಸ್ಟರ್ ಟೀಶರ್ಟ್ ಹಾಕಿದರೆ ಬೆವರಿನ ಕಲೆಯೂ ಕಾಣದು. ತೊಡೆ ಉಜ್ಜಿ ಉರಿ ಏಳುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಓಟ ಬಿಡುವುದಕ್ಕೆ ಅದೂ ಒಂದು ಕಾರಣ. ಮಂಡಿಯವರೆಗಿನ ಬಿಗಿ ಚಡ್ಡಿಯನ್ನು ಪ್ಯಾಂಟಿನ ಒಳಗೆ ಹಾಕಿ, ಇಲ್ಲವೇ ಹೊರಡುವ ಮುಂಚೆ ವ್ಯಾಸಲೀನ್ ಹಚ್ಚಿಕೊಳ್ಳಿ. ಹೆಂಗಸರಿಗೆ ಶೂಗಿಂತ ಮೊದಲು ಬೇಕಾದದ್ದು ಸ್ಪೋರ್ಟ್ಸ್ ಬ್ರಾ. ಅಂಗಡಿಯ ಟ್ರಯಲ್ ರೂಮಿನಲ್ಲೇ ನಾಲ್ಕು ಸಲ ಕುಪ್ಪಳಿಸಿ ನೋಡಬೇಕು, ಕೆಳಗಿನ ಪಟ್ಟಿಯೊಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದು. ಚೂಡಿದಾರದಲ್ಲೂ ಓಡಬಹುದು, ದುಪಟ್ಟಾ ಮಾತ್ರ ಮನೆಯಲ್ಲಿರಲಿ.

ಶೂಗೆ ಬೆಲೆಗಿಂತ ಅಳತೆ ಮುಖ್ಯ. ಪಾದ ದಿನ ಕಳೆದಂತೆ ಕೊಂಚ ಊದಿಕೊಳ್ಳುವುದರಿಂದ ಸಂಜೆ ಹೊತ್ತು ಕೊಳ್ಳಿ. ನಿಂತಾಗ ಬೆರಳ ತುದಿಗೂ ಶೂ ತುದಿಗೂ ಮಧ್ಯೆ ಒಂದು ಹೆಬ್ಬೆರಳಗಲ ಜಾಗ ಇರಬೇಕು, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಹತ್ತಿಯ ಸಾಕ್ಸ್ ಬೆವರು ಹಿಡಿದು ಬೊಬ್ಬೆ ಎಬ್ಬಿಸುತ್ತದೆ, ನೈಲಾನ್ ಅಥವಾ ಪಾಲಿಯೆಸ್ಟರ್ ಮಿಶ್ರಣದ್ದು ಒಳ್ಳೆಯದು. ಹಿಮ್ಮಡಿ ಶೂ ಒಳಗೆ ಮೇಲೆ ಕೆಳಗೆ ಜಾರುತ್ತಿದ್ದರೆ ಶೂ ಬದಲಿಸುವ ಮುಂಚೆ ಲೇಸನ್ನು ನೋಡಿ. ಬಹುತೇಕ ಓಟದ ಶೂಗಳಲ್ಲಿ ಕಣಕಾಲಿನ ಹತ್ತಿರ, ಸಾಲಿನಿಂದ ಸ್ವಲ್ಪ ಹಿಂದಕ್ಕೆ, ಒಂದೊಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಎದುರು ಬದಿಗೆ ದಾಟಿಸದೆ ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ ಒಂದು ಚಿಕ್ಕ ಕುಣಿಕೆ ಬಿಡಿ. ಎರಡೂ ಬದಿ ಹೀಗೆ ಮಾಡಿ. ಬಲಗಡೆಯ ಲೇಸಿನ ತುದಿಯನ್ನು ಎಡ ಕುಣಿಕೆಯೊಳಗೆ, ಎಡಗಡೆಯದನ್ನು ಬಲ ಕುಣಿಕೆಯೊಳಗೆ ತೂರಿಸಿ, ಮೇಲಕ್ಕಲ್ಲ, ಕೆಳಕ್ಕೆ ಹಿಂದಕ್ಕೆ ಎಳೆದು ಕಟ್ಟಿ. ಹಿಮ್ಮಡಿ ಅಲುಗಾಡದೆ ಕೂರುತ್ತದೆ, ಪಾದದ ಮುಂಭಾಗ ಬಿಗಿಯುವುದಿಲ್ಲ. ಒಂದು ಜೊತೆ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಹೊಸಬರಿಗೆ ಅದು ಒಂದು ವರ್ಷದ ಮಾತು.

ನೋವುಗಳಲ್ಲಿ ತಾಳಿಕೊಳ್ಳುವಂಥದ್ದು ಯಾವುದು, ನಿಲ್ಲಿಸಬೇಕಾದದ್ದು ಯಾವುದು ಎಂದು ಗೊತ್ತಿರಬೇಕು. ಓಡಿದ ಮರುದಿನ ಎರಡೂ ತೊಡೆ, ಎರಡೂ ಮೀನಖಂಡ ಒಂದೇ ಸಮ ನೋಯುವುದು ಸಹಜ, ಎರಡು-ಮೂರು ದಿನದಲ್ಲಿ ಹೋಗುತ್ತದೆ. ಪಕ್ಕೆ ಹಿಡಿದರೆ ನಿಧಾನಿಸಿ, ನೋವಿರುವ ಜಾಗವನ್ನು ಒತ್ತಿ ಹಿಡಿದು, ಉಸಿರನ್ನು ಪೂರ್ತಿ ಹೊರಬಿಡಿ. ಓಟಕ್ಕೆ ಮುಂಚಿನ ಎರಡು ಗಂಟೆಯಲ್ಲಿ ಹೊಟ್ಟೆ ತುಂಬ ತಿಂದಿದ್ದರೆ, ಕುಡಿದಿದ್ದರೆ ಇದು ಹೆಚ್ಚು. ಹೊಸಬರನ್ನು ಅತಿ ಹೆಚ್ಚು ಕಾಡುವುದು ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಎಲುಬಿನ ನೋವು. ಕುರ್ಚಿಯ ಮೇಲೆ ಕೂತು, ಆ ಎಲುಬಿನ ಒಳ ಅಂಚಿನ ಮೇಲೆ ಹೆಬ್ಬೆರಳನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ನಾಲ್ಕು ಬೆರಳಗಲಕ್ಕೂ ಹೆಚ್ಚು ಉದ್ದ ಹರಡಿಕೊಂಡು ನೋಯುತ್ತಿದ್ದರೆ ಅದು ಹೆಚ್ಚು ಭಾರ ಬಿದ್ದದ್ದರ ಲಕ್ಷಣ. ಒಂದು ವಾರ ಓಟ ನಿಲ್ಲಿಸಿ ನಡೆಯಿರಿ, ಶುರುಮಾಡುವಾಗ ಎರಡು ವಾರ ಹಿಂದಿನ ಹಂತಕ್ಕೆ ಹೋಗಿ. ರೂಪಾಯಿ ನಾಣ್ಯದಷ್ಟು ಒಂದೇ ಜಾಗದಲ್ಲಿ ಚುಚ್ಚಿದಂತೆ ನೋಯುತ್ತಿದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಹೆಚ್ಚಾದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಮೂಳೆ ವೈದ್ಯರಿಗೆ ತೋರಿಸಿ. ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಎಕ್ಸ್‌ರೇ ಸರಿಯಿದೆ ಎಂದು ಓಡಲು ಹೊರಡಬೇಡಿ.

ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಳುಕ್ ಎಂದು, ನಾಲ್ಕು ಹೆಜ್ಜೆಗೆ ಕಡಿಮೆಯಾದರೆ ಅಂಗಾಲಿನ ಪಟ್ಟಿ ಕೆರಳಿದೆ. ಗೋಡೆಗೆ ಕೈ ಒತ್ತಿ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ ದಿನಕ್ಕೆರಡು ಸಲ ಮಾಡಿ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದರಿಂದ ಇದು ಬಲಿಯುತ್ತದೆ, ಮನೆಯೊಳಗೇ ಹಾಕಿಕೊಳ್ಳಲು ಒಂದು ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ಮೆಟ್ಟಿಲಿಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವಾದರೆ ಹೆಜ್ಜೆ ಇನ್ನೂ ಚಿಕ್ಕದು ಮಾಡಿ. ಮಂಡಿ ಊದಿದರೆ ಅಥವಾ ಮಡಚಲಾಗದೆ ಸಿಕ್ಕಿಕೊಂಡರೆ ವೈದ್ಯರೇ ನೋಡಬೇಕು. ‘ಓಡಿದರೆ ಮಂಡಿ ಸವೆದು ಹೋಗುತ್ತೆ’ ಎಂದು ಪಾರ್ಕಿನಲ್ಲಿ ಉಚಿತವಾಗಿ ಸಿಗುವ ಎಚ್ಚರಿಕೆಗೆ ಆಧಾರವಿಲ್ಲ. ಹವ್ಯಾಸಕ್ಕೆ ಹಿತಮಿತವಾಗಿ ಓಡುವವರಲ್ಲಿ ಮಂಡಿ ಸವೆತ ಓಡದವರಿಗಿಂತ ಹೆಚ್ಚೇನೂ ಕಂಡುಬಂದಿಲ್ಲ. ಮಂಡಿ, ಹಿಮ್ಮಡಿ ಎರಡಕ್ಕೂ ರಕ್ಷಣೆಯಾಗಿ ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಏಳುವುದು-ಕೂರುವುದು ಹತ್ತು ಸಲ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು ಸಲ, ಎರಡೆರಡು ಸುತ್ತು ಮಾಡಿದರೆ ಸಾಕು.

ಹೃದಯದ ಭಯದ ಬಗ್ಗೆ ಹೇಳಲೇಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿಗೇ ತೀರಿಕೊಂಡ ಮೇಲೆ ನಗರದ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ಎಲ್ಲರಿಗೂ ನೆನಪಿದೆ. ವ್ಯಾಯಾಮವೇ ಅಪಾಯ ಎಂಬ ಮಾತೂ ಆಗಿನಿಂದ ಬೇರುಬಿಟ್ಟಿದೆ. ವರ್ಷಗಟ್ಟಲೆ ಕೂತೇ ಇದ್ದವರು ಒಂದು ದಿನ ಎದ್ದು ಮೈಮುರಿದು ಓಡುವುದು ಅಪಾಯವೇ. ನಿಯಮಿತವಾಗಿ, ಹಂತಹಂತವಾಗಿ ಮಾಡುವ ವ್ಯಾಯಾಮ ಹೃದಯವನ್ನು ಕಾಯುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರು, ಬೀಡಿ-ಸಿಗರೇಟು ಸೇದುವವರು, ಅಪ್ಪ-ಅಮ್ಮ-ಒಡಹುಟ್ಟಿದವರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹೃದಯಾಘಾತ ಆಗಿರುವವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು ಶುರುಮಾಡುವ ಮುಂಚೆ ವೈದ್ಯರನ್ನು ಕಾಣಬೇಕು. ಮಲಗಿಸಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ, ಓಡಲು ಹೊರಟಿದ್ದೇನೆ ಎಂದು ಅವರಿಗೆ ಬಿಡಿಸಿ ಹೇಳಿ. ಓಡುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡತೋಳಿಗೋ ಹರಿದರೆ, ತಣ್ಣನೆಯ ಬೆವರು ಬಂದರೆ ‘ಗ್ಯಾಸ್ ಇರಬೇಕು’ ಎಂದು ಸೋಡಾ ಹುಡುಕಬೇಡಿ. ಕೂತು, ಪಕ್ಕದವರನ್ನು ಕರೆದು 108ಕ್ಕೆ ಫೋನ್ ಮಾಡಿಸಿ. ಇಲ್ಲೂ ನಾಚಿಕೆಯೇ ತಡ ಮಾಡಿಸುವುದು. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ನುಂಗುವವರು ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಳ್ಳಬೇಕು. ಕೈ ನಡುಗಿ, ಕಣ್ಣು ಮಂಜಾದರೆ ಮೊದಲು ಅದನ್ನು ಬಾಯಿಗೆ ಹಾಕಿಕೊಳ್ಳಿ. ಡೆಂಗಿ, ವೈರಲ್ ಜ್ವರ ಬಂದು ಹೋದ ವಾರ ಓಟ ಬೇಡ.

ಊಟದ ಬಗ್ಗೆ ಹೆಚ್ಚೇನಿಲ್ಲ. ಬೆಳಿಗ್ಗೆ ಓಡುವವರಿಗೆ ಅರ್ಧ ಗಂಟೆ ಮೊದಲು ಒಂದು ಏಲಕ್ಕಿ ಬಾಳೆ, ಒಂದು ಲೋಟ ನೀರು ಸಾಕು. ಅರ್ಧ ಗಂಟೆಯ ಓಟಕ್ಕೆ ಎಲೆಕ್ಟ್ರೋಲೈಟ್ ಪುಡಿ ಅನಗತ್ಯ ಖರ್ಚು. ತೂಕದ ಲೆಕ್ಕವನ್ನು ಮಾತ್ರ ಮೊದಲೇ ತಿಳಿದಿರಿ: ಓಟಕ್ಕೆ ಖರ್ಚಾಗುವುದು ಕಿಲೋಮೀಟರಿಗೆ, ದೇಹದ ಪ್ರತಿ ಕೆ.ಜಿ.ಗೆ, ಸುಮಾರು 1 ಕಿಲೋಕ್ಯಾಲೊರಿ. 75 ಕೆ.ಜಿ.ಯವರು 3 ಕಿ.ಮೀ. ಓಡಿದರೆ 225. ಬರುವ ದಾರಿಯಲ್ಲಿ ದರ್ಶಿನಿಯಲ್ಲಿ ನಿಂತು ಬೆಣ್ಣೆ ಹಾಕಿಸಿಕೊಂಡು ತಿಂದ ಮಸಾಲೆ ದೋಸೆ ಅದಕ್ಕಿಂತ ಹೆಚ್ಚು ವಾಪಸ್ ಕೊಡುತ್ತದೆ. ದೋಸೆ ಬಿಡಿ ಎಂದು ಹೇಳುತ್ತಿಲ್ಲ, ಮೊದಲ ತಿಂಗಳು ತಕ್ಕಡಿ ಹತ್ತಬೇಡಿ ಎನ್ನುತ್ತಿದ್ದೇವೆ.

ನಾಯಿಗಳ ಕಾಟ ಇಲ್ಲದ ಬಡಾವಣೆ ಕಡಿಮೆ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಬರುವುದು ಅವುಗಳ ಸ್ವಭಾವ. ಗುಂಪು ಕಂಡಲ್ಲಿ ದೂರದಲ್ಲೇ ನಡಿಗೆಗೆ ಇಳಿಯಿರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಬೆನ್ನು ತಿರುಗಿಸಿ ಓಡಬೇಡಿ. ಕಚ್ಚಿದರೆ, ಗೀರಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಿಕೊಳ್ಳಿ. ಮನುಷ್ಯರ ಕಾಟ ಹೆಂಗಸರಿಗೇ ಹೆಚ್ಚು. ಇಬ್ಬರು ಜೊತೆಯಾಗಿ, ದೀಪ ಇರುವ ಕಡೆ, ಇಯರ್‌ಫೋನ್ ಹಾಕದೆ ಒಂದು ಕಿವಿ ಖಾಲಿ ಬಿಟ್ಟು ಓಡುವುದು ಕ್ಷೇಮ. ಹಿಂಬಾಲಿಸಿ ಬಂದು ಕಮೆಂಟ್ ಮಾಡುವುದು ಅಪರಾಧ, ಅದಕ್ಕೆ 112 ಇದೆ. ಅದನ್ನು ತಮ್ಮ ಮೈಕಟ್ಟಿನ ತಪ್ಪೆಂದು ಯಾರೂ ನುಂಗಿಕೊಳ್ಳಬೇಕಿಲ್ಲ.

ಏಪ್ರಿಲ್–ಮೇ ಹೊತ್ತಿಗೆ ನಗರದಲ್ಲಿ 2008ರಿಂದ ನಡೆದುಕೊಂಡು ಬಂದಿರುವ ‘ವರ್ಲ್ಡ್ ಟೆನ್‌ಕೆ’ ಎಂಬ 10 ಕಿ.ಮೀ. ಓಟಕ್ಕೆ ಜನವರಿಯಲ್ಲೇ ಶುರುಮಾಡಿದ ಹೊಸಬರು ಹೆಸರು ಕೊಡುತ್ತಾರೆ. ಮೊದಲ ವರ್ಷ ಅದರಲ್ಲೇ ಇರುವ ಮೋಜಿನ ಕಿರು ಓಟವಾದ ಮಜ್ಜಾ ರನ್ನಿಗೆ ತೃಪ್ತರಾಗಿ, 10 ಕಿ.ಮೀ.ಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂಬುದು ನಮ್ಮ ಅಭಿಪ್ರಾಯ. ಮೂರು ತಿಂಗಳ ಮೂಳೆಗೆ 10 ಕಿ.ಮೀ. ಹೆಚ್ಚಾಯಿತು.

ಕೊನೆಗೆ ಪಾಲಿಕೆಗಳಿಗೂ ತೋಟಗಾರಿಕೆ ಇಲಾಖೆಗೂ ಒಂದೆರಡು ಮನವಿ. ನಗರದ ಕೆಲವು ಪಾರ್ಕುಗಳಲ್ಲಿ ‘ಜಾಗಿಂಗ್ ನಿಷೇಧಿಸಲಾಗಿದೆ’ ಎಂಬ ಫಲಕಗಳನ್ನು ನೋಡುತ್ತೇವೆ. ಕಿರಿದಾದ ಹಾದಿಯಲ್ಲಿ ಹಿಂದಿನಿಂದ ಯಾರಾದರೂ ನುಗ್ಗಿ ಬಂದರೆ ಕೋಲೂರಿ ನಡೆಯುವ ಹಿರಿಯರು ಬೀಳಬಹುದು, ಆ ಭಯ ನ್ಯಾಯವಾದದ್ದೇ. ಆದರೆ ಪಾರ್ಕಿನಿಂದ ಹೊರಗಟ್ಟಿದ ಹೊಸಬರು ಓಡಬೇಕಾಗುವುದು ವಾಹನಗಳ ಮಧ್ಯೆ. ಕಲ್ಲಿನ ಹಾದಿಯ ಪಕ್ಕದಲ್ಲಿ ಒಂದು ಮೀಟರ್ ಅಗಲದ ಮಣ್ಣಿನ ಪಟ್ಟಿ ಬಿಟ್ಟರೆ ಇಬ್ಬರಿಗೂ ಜಾಗವಾಗುತ್ತದೆ. ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ಸರ್ಕಾರಿ ಶಾಲಾ-ಕಾಲೇಜು ಮೈದಾನಗಳ ಗೇಟು ತೆರೆದಿಡುವುದಕ್ಕೆ ಒಬ್ಬ ಕಾವಲುಗಾರ ಸಾಕು. ಕೆರೆ ಏರಿಗಳ ಮೇಲೆ ಕೆಟ್ಟುನಿಂತ ದೀಪಗಳನ್ನು ಸರಿಪಡಿಸಲಿ. ಎಲ್ಲಕ್ಕಿಂತ ಅಗ್ಗದ ಕೆಲಸವೆಂದರೆ ವಾಯುವಿಹಾರದ ಹಾದಿಗಳಲ್ಲಿ ಪ್ರತಿ 100 ಮೀಟರಿಗೊಂದು ಬಿಳಿ ಗೆರೆ ಎಳೆದು ಪಕ್ಕದಲ್ಲಿ ಅಂಕಿ ಬರೆಯುವುದು. ಎಲ್ಲಿಂದ ಓಡಬೇಕು, ಎಲ್ಲಿ ನಡೆಯಬೇಕು ಎಂದು ಹೊಸಬರು ಆ ಗೆರೆಗಳನ್ನೇ ನೋಡಿಕೊಂಡು ಹೋಗಬಹುದು. ಅಳತೆ ಚಕ್ರ ಇಂಜಿನಿಯರುಗಳ ಬಳಿ ಇದ್ದೇ ಇರುತ್ತದೆ, ಬಣ್ಣ ಒಂದೆರಡು ಡಬ್ಬಿ ಬೇಕಾದೀತು.

ಇತಿ,
ಹೊಸಬರಿಗೆ ಓಟ ಕಲಿಸುವ ತರಬೇತುದಾರರು,
ಬಸವನಗುಡಿ, ಬೆಂಗಳೂರು